ರಾತ್ರಿ ಕಾರು ಎಲ್ಲಿ ನಿಲ್ಲುತ್ತೆ?

ಮೊದಲ ಸಲ ಎಲೆಕ್ಟ್ರಿಕ್ ಕಾರು ಕೊಳ್ಳುವವರು ಶೋರೂಮಿನಲ್ಲಿ ಕೇಳುವ ಪ್ರಶ್ನೆಗಳೇ ಬೇರೆ, ಕಾರು ಮನೆಗೆ ಬಂದ ಮೇಲೆ ಎದುರಾಗುವ ಪ್ರಶ್ನೆಗಳೇ ಬೇರೆ. ಬಣ್ಣ, ಪರದೆಯ ಅಗಲ, ಒಂದು ಚಾರ್ಜಿಗೆ ಎಷ್ಟು ಓಡುತ್ತೆ ಅನ್ನುವಲ್ಲಿಗೆ ಶೋರೂಮಿನ ಮಾತು ಮುಗಿಯುತ್ತದೆ. ಸಾಕೆಟ್ಟು, ಅರ್ತಿಂಗು, ಟೈರು ಇವುಗಳ ಮಾತು ಅಲ್ಲಿ ಬರುವುದೇ ಇಲ್ಲ. ಕೆಳಗಿನ ಮಾತುಕತೆ ಇವುಗಳದ್ದೇ. ಒಬ್ಬರು ಕೆಇಬಿಯಲ್ಲಿ ದುಡಿದು ನಿವೃತ್ತರಾದ ದೊಡ್ಡಪ್ಪ. ಇನ್ನೊಬ್ಬಳು ಅವರ ತಮ್ಮನ ಮಗಳು. ಅವಳದು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ, ನಂಜನಗೂಡಿನ ಕಾಲೇಜಿನಲ್ಲಿ ಪಾಠ, ಗಂಡನ ಊರು ಪುತ್ತೂರು.

ದೊಡ್ಡಪ್ಪ: ಕಾರು ಯಾವುದು ಅಂತ ಆಮೇಲೆ ಹೇಳು. ರಾತ್ರಿ ಅದು ಎಲ್ಲಿ ನಿಲ್ಲುತ್ತೆ, ಅದನ್ನ ಮೊದಲು ಹೇಳು.

ಮಗಳು: ಗೇಟಿನ ಒಳಗೇ ಜಾಗ ಇದೆ ದೊಡ್ಡಪ್ಪ. ಗೋಡೆಯಲ್ಲಿ 16 ಆಂಪ್ಸ್ ಸಾಕೆಟ್ಟೂ ಇದೆ. ಹಿಂದೆ ಇದ್ದ ಬಾಡಿಗೆದಾರರು ವಾಷಿಂಗ್ ಮೆಷಿನ್ನಿಗೆ ಹಾಕಿಸಿಕೊಂಡಿದ್ದಂತೆ.

ದೊಡ್ಡಪ್ಪ: ವಾಷಿಂಗ್ ಮೆಷಿನ್ನು, ಗೀಸರು ಎಷ್ಟು ಹೊತ್ತು ಓಡುತ್ತೆ? ಗೀಸರಾದರೆ ಕಾಲು ಗಂಟೆ, ಅರ್ಧ ಗಂಟೆ. ಸಾಕೆಟ್ಟು ಬಿಸಿಯಾಗೋಷ್ಟರಲ್ಲಿ ಸ್ವಿಚ್ ಆಫ್ ಮಾಡಿರ್ತೀವಿ. ಕಾರು ಹಾಗಲ್ಲ ಕಣಮ್ಮ. 13, 14 ಆಂಪ್ಸನ್ನ ಗಂಟೆಗಟ್ಟಲೆ ಒಂದೇ ಸಮ ಎಳೀತಾ ಇರುತ್ತೆ. ಒಳಗೆ ಒಂದು ಸ್ಕ್ರೂ ಸಡಿಲ ಇದ್ರೂ ಆ ಜಾಗ ಕಾಯುತ್ತೆ, ಪ್ಲಾಸ್ಟಿಕ್ ಕರಗುತ್ತೆ, ಆಮೇಲೆ ವೈರಿಗೇ ಹತ್ತಿಕೊಳ್ಳುತ್ತೆ. ಹಳೇ ಸಾಕೆಟ್ಟು ಬೇಡವೇ ಬೇಡ. ಮೀಟರ್ ಬೋರ್ಡಿನಿಂದ ಬೇರೇನೇ ಲೈನ್ ಎಳೆಸು. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಅಂತ ಒಂದು ಎಂಸಿಬಿ, 30 ಮಿಲಿ ಆಂಪ್ಸಿನ ಆರ್‌ಸಿಸಿಬಿ. ಎಕ್ಸ್‌ಟೆನ್ಷನ್ ಬಾಕ್ಸನ್ನ ಮಾತ್ರ ಅದರ ಹತ್ತಿರಕ್ಕೂ ತರಬೇಡ.

ಮಗಳು: ಇಷ್ಟೆಲ್ಲ ಮಾಡಿಸೋದಾದ್ರೆ ಗೋಡೆಗೆ ಹಾಕೋ 7.2 ಕಿಲೋವ್ಯಾಟ್ ಚಾರ್ಜರನ್ನೇ ಹಾಕಿಸಿಬಿಡಬಹುದಲ್ಲ?

ದೊಡ್ಡಪ್ಪ: ಯಾಕೆ? ನಿನ್ನ ಓಡಾಟ ಎಷ್ಟು?

ಮಗಳು: ದಿನಾ ಹೋಗಿ ಬಂದು 45 ಕಿ.ಮೀ. ಆಗಬಹುದು.

ದೊಡ್ಡಪ್ಪ: ಯೂನಿಟ್ಟಿಗೆ 7 ಕಿ.ಮೀ. ಅಂತಿಟ್ಕೋ. ಆರೂವರೆ ಯೂನಿಟ್ಟು. ಚಾರ್ಜ್ ಆಗುವಾಗ ಪೋಲಾಗೋದು ಸೇರಿಸಿ ಏಳು. 16 ಆಂಪ್ಸ್ ಸಾಕೆಟ್ಟಿನಲ್ಲಿ ಗಂಟೆಗೆ ಮೂರು ಯೂನಿಟ್ಟು ಹೋಗುತ್ತೆ. ಎರಡೂವರೆ ಗಂಟೆಯಲ್ಲಿ ನಿನ್ನ ಕೆಲಸ ಮುಗೀತು. 7.2 ಬೇಕು ಅಂದ್ರೆ 32 ಆಂಪ್ಸ್ ಆಗುತ್ತೆ. 6 ಸ್ಕ್ವೇರ್ ವೈರು ಬೇಕು, ಮಂಜೂರಾದ ಲೋಡ್ ಏರಿಸಬೇಕು, ಲೋಡ್ ಏರಿದ ಹಾಗೆ ಪ್ರತಿ ತಿಂಗಳ ನಿಗದಿತ ಶುಲ್ಕಾನೂ ಏರುತ್ತೆ. ದಿನಾ ನೂರಾರು ಕಿ.ಮೀ. ಓಡೋರಿಗೆ ಅದು ಸರಿ. ನಿನಗೆ ಬೇಡ.

ಮಗಳು: ಹಾಗಾದ್ರೆ ನೀವು ಕಾರು ತಗೋ ಅಂತಲೇ ಹೇಳ್ತಿದ್ದೀರಿ!

ದೊಡ್ಡಪ್ಪ: ಇನ್ನೂ ಅರ್ತಿಂಗಿಗೇ ಬಂದಿಲ್ಲ ನಾನು.

(ಇಲ್ಲಿ ಒಂದು ಮಾತು. ಕಾರು ಡೆಲಿವರಿ ಆದ ರಾತ್ರಿ ಪ್ಲಗ್ ಹಾಕಿದರೆ ಚಾರ್ಜರಿನಲ್ಲಿ ಕೆಂಪು ದೀಪ ಹತ್ತಿ ಚಾರ್ಜೇ ಆಗದೆ, ಕಾರೇ ಕೆಟ್ಟಿದೆ ಅಂದುಕೊಂಡು ಸರ್ವಿಸ್ ಸೆಂಟರಿಗೆ ಫೋನ್ ಮಾಡುವವರು ಬಹಳ ಜನ. ಅದರಲ್ಲಿ ಎಷ್ಟೋ ಸಲ ಕಾರು ಸರಿಯಾಗಿರುತ್ತದೆ, ಕೆಟ್ಟಿರುವುದು ಮನೆಯ ಅರ್ತಿಂಗ್. ಆದ್ದರಿಂದ ದೊಡ್ಡಪ್ಪ ಮುಂದೆ ಹೇಳುವುದನ್ನು ಸ್ವಲ್ಪ ಉದ್ದವಾದರೂ ಪೂರ್ತಿ ಬರೆದಿದ್ದೇನೆ.)

ದೊಡ್ಡಪ್ಪ: ಫ್ಯಾನು, ಟಿವಿ, ಮಿಕ್ಸಿ ಇವೆಲ್ಲ ಅರ್ತಿಂಗ್ ಇಲ್ಲದಿದ್ರೂ ಓಡ್ತವೆ. ಹಾಗಾಗಿ ಮನೆಯಲ್ಲಿ ಅರ್ತಿಂಗ್ ಸತ್ತುಹೋಗಿದ್ರೂ ವರ್ಷಗಟ್ಟಲೆ ಯಾರಿಗೂ ಗೊತ್ತಾಗಲ್ಲ. ಕಾರಿನ ಚಾರ್ಜರ್ ಮಾತ್ರ ಮೊದಲು ಅರ್ತ್ ಇದೆಯಾ ಅಂತ ನೋಡುತ್ತೆ, ಇಲ್ಲದಿದ್ರೆ ಕರೆಂಟ್ ಬಿಡಲ್ಲ. ಅದು ಮಾಡೋದೇ ಸರಿ. ಮಳೇಲಿ ನೆನೆದ ಕೈಯಲ್ಲಿ ನೀನು ಮುಟ್ಟೋದು ಅಷ್ಟು ದೊಡ್ಡ ಲೋಹದ ಮೈಯನ್ನ. ಹಳೇ ಮನೆಗಳಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಪೈಪ್ ಹೂತಿರ್ತಾರೆ. ಬೇಸಿಗೆ ಬಂದಾಗ ಅದಕ್ಕೆ ನೀರು ಹಾಕಬೇಕು. ಯಾರು ಹಾಕ್ತಾರೆ? ಗುಂಡಿ ಮೇಲೆ ಟೈಲ್ಸೇ ಹಾಕಿಬಿಟ್ಟಿರ್ತಾರೆ. ಎಲೆಕ್ಟ್ರಿಷಿಯನ್ನನ್ನ ಕರೆಸಿ ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಅಳೆಸು. ಒಂದೆರಡು ವೋಲ್ಟ್ ಇದ್ರೆ ಚಿಂತೆ ಇಲ್ಲ. ಹತ್ತು, ಹದಿನೈದು ತೋರಿಸಿದ್ರೆ ಬುಕಿಂಗಿಗೆ ಮುಂಚೆ ಹೊಸ ಅರ್ತ್ ಹಾಕಿಸು.

ಮಗಳು: ಬಾಡಿಗೆ ಮನೆ ದೊಡ್ಡಪ್ಪ. ನೆಲ ಅಗೆಯೋದಕ್ಕೆ ಮಾಲೀಕರನ್ನ ಕೇಳಬೇಕು.

ದೊಡ್ಡಪ್ಪ: ಅದಕ್ಕೇ ಹೇಳಿದ್ದು, ಕಾರಿಗಿಂತ ಮುಂಚೆ ಜಾಗ ನೋಡು ಅಂತ.

ಮಗಳು: ಕೇಳ್ತೀನಿ. ಇರೋ ಕನೆಕ್ಷನ್ನಿನಿಂದಲೇ ಮನೆಯಲ್ಲಿ ಕಾರು ಚಾರ್ಜ್ ಮಾಡ್ಕೋಬಹುದು ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಮಾಲೀಕರು ಕಾನೂನು ಗೀನೂನು ಅಂತ ಹೆದರಬೇಕಾಗಿಲ್ಲ. ನನಗೆ ತಲೆನೋವಾಗಿರೋದು 200 ಯೂನಿಟ್ಟಿನವರೆಗೆ ಪುಕ್ಕಟೆ ಕರೆಂಟು ಕೊಡೋ ಗೃಹಜ್ಯೋತಿ. ನಮ್ಮ ಮನೇಲಿ ತಿಂಗಳಿಗೆ 110 ಯೂನಿಟ್ಟು. ಈಗ ಬಿಲ್ಲು ಸೊನ್ನೆ. ಕಾರಿಗೆ 170 ಸೇರಿದ್ರೆ 280.

ದೊಡ್ಡಪ್ಪ: 200 ದಾಟಿತು.

ಮಗಳು: ದಾಟಿದ್ರೆ ಮೇಲಿನ 80ಕ್ಕೆ ಮಾತ್ರ ಅಲ್ಲ, ಪೂರ್ತಿ 280ಕ್ಕೂ ದುಡ್ಡು ಕಟ್ಟಬೇಕು. ಶೋರೂಮಿನವರು ಬರೆದುಕೊಟ್ಟ ಲೆಕ್ಕದಲ್ಲಿ ಇದು ಇರಲಿಲ್ಲ. ಯೂನಿಟ್ಟಿಗೆ ಆರು, ಆರೂವರೆ ರೂಪಾಯಿ ಹಾಕಿ ಕಾರಿಗೆ ತಿಂಗಳಿಗೆ ಸಾವಿರದ ಚಿಲ್ಲರೆ ಅಂದ್ರು. ನಿಜವಾಗಿ ನನ್ನ ಕೈಯಿಂದ ಹೋಗೋದು ಸಾವಿರದ ಎಂಟುನೂರು, ಮೇಲೆ ನಿಗದಿತ ಶುಲ್ಕ.

ದೊಡ್ಡಪ್ಪ: ಭಲೇ. ನನಗೇ ಇದು ಹೊಳೆದಿರಲಿಲ್ಲ. ಹಾಗಾದ್ರೂ ಪೆಟ್ರೋಲಿನ ಮುಂದೆ ಎಷ್ಟಾಯ್ತು?

ಮಗಳು: ಲೀಟರಿಗೆ 15 ಕಿ.ಮೀ., ತಿಂಗಳಿಗೆ 1,100 ಕಿ.ಮೀ. ಎಪ್ಪತ್ತಮೂರು ಲೀಟರ್ ಆಗುತ್ತೆ. ಲೀಟರಿಗೆ ನೂರರ ಮೇಲೆ. ಏಳು ಸಾವಿರ ದಾಟುತ್ತೆ.

ದೊಡ್ಡಪ್ಪ: ಸರಿ, ಉಳಿತಾಯ ಇದೆ, ಒಪ್ದೆ. ವಿದ್ಯುತ್ ವಾಹನ ಚಾರ್ಜಿಂಗಿಗೆ ಅಂತಲೇ ಬೇರೆ ದರ ಇದೆ. ಮಾಲೀಕರು ಒಪ್ಪಿದ್ರೆ ಕಾರಿಗೆ ಬೇರೆ ಮೀಟರ್ ಹಾಕಿಸೋಕೆ ಆಗುತ್ತಾ ಅಂತ ಕರೆಂಟ್ ಕಂಪನಿ ಸೆಸ್ಕ್‌ನ ಸಬ್‌ಡಿವಿಷನ್ ಆಫೀಸಿನಲ್ಲಿ ವಿಚಾರಿಸು. ಆಗ ಮನೆ ಮೀಟರು ಮನೆಗೇ ಉಳಿಯುತ್ತೆ. ಆದ್ರೆ ಉಳಿತಾಯವನ್ನ ಪೆಟ್ರೋಲಿನ ಎದುರು ಮಾತ್ರ ಇಟ್ಟು ನೋಡಬೇಡ. ಕಾರಿಗೆ ಎಷ್ಟು ಲಕ್ಷ ಜಾಸ್ತಿ ಕೊಡ್ತಿದ್ದೀಯ, ಅದು ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ, ಅದನ್ನೂ ನೋಡು. ಬ್ಯಾಟರಿ ವಾರಂಟಿ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಅಷ್ಟರೊಳಗೆ ಲೆಕ್ಕ ಸರಿಹೋಗಬೇಕು.

ಮಗಳು: ನಮ್ಮ ಓಡಾಟಕ್ಕೆ ನಾಲ್ಕೈದು ವರ್ಷಕ್ಕೆ ಸರಿಹೋಗುತ್ತೆ. ತಿಂಗಳಿಗೆ ಮುನ್ನೂರು ಕಿ.ಮೀ. ಓಡಿಸೋರಿಗೆ ಸರಿಹೋಗಲ್ಲ, ಅದನ್ನ ನಾನೂ ಒಪ್ತೀನಿ. ಪಕ್ಕದ ಮನೆಯವರು ಕೇಳಿದಾಗ ನಿಮಗೆ ಬೇಡ ಅಂತಲೇ ಹೇಳಿದೆ.

ದೊಡ್ಡಪ್ಪ: ನಂಜನಗೂಡಿನ ವಿಷಯ ಬಿಡು. ಪುತ್ತೂರಿಗೆ ಹೋಗೋದು ಹೇಗೆ? ಬೆಂಗಳೂರಿನಲ್ಲಿ 2001ರಲ್ಲಿ ರೇವಾ ಅಂತ ಬಂತಲ್ಲ, ಸೀಸದ ಬ್ಯಾಟರಿ, ಎಂಬತ್ತು ಕಿ.ಮೀ. ಓಡಿದ್ರೆ ಹೆಚ್ಚು. ಅಂದಿನಿಂದ ಈ ಭಯ ನನಗೆ ಹೋಗಿಲ್ಲ.

ಮಗಳು: ಈಗಿನದು ಆ ಲೆಕ್ಕ ಅಲ್ಲ. ನಾನು ನೋಡಿದ ಕಾರುಗಳಲ್ಲಿ ನೆಕ್ಸಾನ್, 45 ಯೂನಿಟ್ಟಿನ ಬ್ಯಾಟರಿದು, ಪರೀಕ್ಷೆಯಲ್ಲಿ 489 ಕಿ.ಮೀ. ಅಂತಾರೆ. ರಸ್ತೆಯಲ್ಲಿ 350ರಿಂದ 370 ಸಿಗುತ್ತೆ ಅಂತ ಕಂಪನಿಯೇ ಹೇಳುತ್ತೆ. ನಾನು ಅದನ್ನೂ ಕಡಿಮೆ ಮಾಡಿ, ಎಸಿ ಹಾಕಿ, ನಾಲ್ಕು ಜನ ಕೂತು 270 ಅಂತ ಇಟ್ಕೊಂಡಿದ್ದೀನಿ. ಪುತ್ತೂರು 205 ಕಿ.ಮೀ. ಆಸುಪಾಸು.

ದೊಡ್ಡಪ್ಪ: ಘಾಟಿ?

ಮಗಳು: ಹೋಗುವಾಗ ಸಂಪಾಜೆ ಇಳಿಜಾರು, ಚಾರ್ಜ್ ವಾಪಸ್ ಬರುತ್ತೆ. ಬರುವಾಗ ಏರು. ಅದರ ಲೆಕ್ಕ ನನಗೆ ಗೊತ್ತಾಗಲಿಲ್ಲ.

ದೊಡ್ಡಪ್ಪ: ಅದು ನನಗೆ ಬಿಡು. ಕಾರು, ನಾಲ್ಕು ಜನ, ನಿಮ್ಮತ್ತೆ ತುಂಬಿಕೊಡೋ ತೆಂಗಿನಕಾಯಿ ಮೂಟೆ, ಎಲ್ಲ ಸೇರಿ 1,750 ಕೆ.ಜಿ. ಸುಳ್ಯದಿಂದ ಮಡಿಕೇರಿಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಏರು. ತೂಕಕ್ಕೆ 9.8, ಅದಕ್ಕೆ ಎತ್ತರ ಗುಣಿಸಿ, 36 ಲಕ್ಷದಿಂದ ಭಾಗಿಸು. ಎಷ್ಟು ಬಂತು?

ಮಗಳು: 4.76 ಯೂನಿಟ್ಟು. ಇಷ್ಟೇನಾ?

ದೊಡ್ಡಪ್ಪ: ಮೋಟಾರಿನಲ್ಲಿ ಹೋಗೋ ನಷ್ಟ ಸೇರಿಸಿ ಐದೂವರೆ. ಸಮತಟ್ಟಿನಲ್ಲಿ ಮೂವತ್ತೆಂಟು, ನಲವತ್ತು ಕಿ.ಮೀ. ಓಡಿಸೋ ಕರೆಂಟು. ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ.

ಮಗಳು: ಇಳಿಯುವಾಗ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತಲ್ಲ?

ದೊಡ್ಡಪ್ಪ: ಬ್ಯಾಟರಿಯಲ್ಲಿ ಜಾಗ ಇದ್ರೆ ಬರುತ್ತೆ. ಮಡಿಕೇರಿಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿದ್ರೆ ವಾಪಸ್ ಬಂದದ್ದನ್ನ ಹಾಕೋದೆಲ್ಲಿ? ಕಾರು ತಾನಾಗಿ ಹಿಡಿಯೋದೂ ಕಮ್ಮಿ ಆಗುತ್ತೆ, ಬ್ರೇಕು ತುಳೀತಾ ಇರಬೇಕಾಗುತ್ತೆ. ಇಳಿಯೋ ಮುಂಚೆ ಎಂಬತ್ತರ ಮೇಲೆ ತುಂಬಿಸಲೇಬೇಡ. ಫಾಸ್ಟ್ ಚಾರ್ಜರೂ ಎಂಬತ್ತರ ಮೇಲೆ ನಿಧಾನ ಆಗುತ್ತೆ, ಅಲ್ಲಿ ಕಾಯೋದೂ ದಂಡ.

ಮಗಳು: ಹಾಗಾದ್ರೆ ಬರುವಾಗ ಮಡಿಕೇರಿ ಅಥವಾ ಕುಶಾಲನಗರದಲ್ಲಿ ಊಟದ ಹೊತ್ತಿಗೆ ಮುಕ್ಕಾಲು ಗಂಟೆ ನಿಲ್ಲಿಸಿದ್ರೆ ಆಯ್ತು. ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆಯಲ್ಲಿ ದೇಶದಲ್ಲೇ ಕರ್ನಾಟಕ ಮುಂದಿದೆ.

ದೊಡ್ಡಪ್ಪ: ಅದರಲ್ಲಿ ಬೆಂಗಳೂರಿನವೇ ಜಾಸ್ತಿ. ನಿನ್ನ ದಾರೀಲಿ ಇರೋ ಚಾರ್ಜರ್ ಆವತ್ತು ಕೆಲಸ ಮಾಡ್ತಿದೆಯಾ, ಮುಂದೆ ಎರಡು ಕಾರು ನಿಂತಿದೆಯಾ, ನಿನಗೆ ಬೇಕಾಗಿರೋದು ಅದು. ಒಂದೊಂದಕ್ಕೆ ಒಂದೊಂದು ಆ್ಯಪು, ಒಂದೊಂದು ವ್ಯಾಲೆಟ್ಟು. ಘಾಟಿಯಲ್ಲಿ ಸಿಗ್ನಲ್ ಇಲ್ಲದ ಕಡೆ ಆ್ಯಪ್ ತೆಗೆದು ಏನು ಮಾಡ್ತೀಯ?

ಮಗಳು: ಮೂರ್ನಾಲ್ಕು ಆ್ಯಪನ್ನ ಮನೆಯಲ್ಲೇ ಹಾಕ್ಕೊಂಡು, ದುಡ್ಡು ತುಂಬಿಟ್ಕೋತೀನಿ. ಹೊರಡೋ ಮುಂಚೆ ಆ ಚಾರ್ಜರ್ ಕೊನೇಲಿ ಯಾವಾಗ ಯಾರಿಗೆ ಕೆಲಸ ಮಾಡ್ತು ಅಂತ ಆ್ಯಪಿನಲ್ಲೇ ನೋಡ್ತೀನಿ. ಒಂದು ಕೆಟ್ಟಿದ್ರೂ ಇನ್ನೊಂದಕ್ಕೆ ಹೋಗೋಷ್ಟು ಉಳಿಸಿಕೊಂಡೇ ನಿಲ್ಲಿಸ್ತೀನಿ. ಅಲ್ಲಿ ಯೂನಿಟ್ಟಿಗೆ ಇಪ್ಪತ್ತು ರೂಪಾಯಿ ಆಸುಪಾಸು, ಮೇಲೆ ಶೇ. 18 ಜಿಎಸ್‌ಟಿ, ಅದೂ ಗೊತ್ತು. ವರ್ಷಕ್ಕೆ ಆರೇಳು ಸಲ ತಾನೆ. ರಾತ್ರಿ ಹೇಗೂ ಪುತ್ತೂರಿನ ಮನೇಲೇ ಚಾರ್ಜಿಗೆ ಹಾಕ್ತೀವಿ. ಅಂಗಳದಲ್ಲಿ ಪಂಪ್‌ಸೆಟ್ಟಿನ ಲೈನೇ ಇದೆ.

ದೊಡ್ಡಪ್ಪ: ಪಂಪ್‌ಸೆಟ್ಟಿನ ಕನೆಕ್ಷನ್ ಮುಟ್ಟಬೇಡ!

ಮಗಳು: ಯಾಕೆ ದೊಡ್ಡಪ್ಪ, ಅದೂ ಮನೇದೇ ಅಲ್ವಾ?

ದೊಡ್ಡಪ್ಪ: 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಪುಕ್ಕಟೆ ಕರೆಂಟು ಕೊಡೋದು ತೋಟಕ್ಕೆ ನೀರು ಹಾಯಲಿ ಅಂತ. ಅದರಲ್ಲಿ ಕಾರು ಚಾರ್ಜ್ ಮಾಡೋದು ಕದ್ದ ಹಾಗೆ. ನಾನು ಕೆಲಸದಲ್ಲಿದ್ದಾಗ ಇಂಥದ್ದಕ್ಕೆ ಕೇಸ್ ಹಾಕಿದ್ದೀನಿ, ನನ್ನ ಮನೆ ಮಗಳೇ ಮಾಡಿದ್ರೆ ಹೇಗೆ? ಮನೆ ಮೀಟರಿನಿಂದ ತಗೋ. ಅಲ್ಲಿ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಬೀಳುತ್ತೆ. ಚಾರ್ಜರನ್ನ 10 ಆಂಪ್ಸಿಗೆ ಇಳಿಸಿ ಹಾಕಿದ್ರೆ ಗಂಟೆಗೆ ಎರಡು ಯೂನಿಟ್ಟೂ ಸಿಗಲ್ಲ. ರಾತ್ರಿಯೆಲ್ಲ ಹಾಕಿದ್ರೂ ಹದಿನೆಂಟು ಯೂನಿಟ್ಟು. ಎರಡು ರಾತ್ರಿ ಉಳಿಯೋ ಹಾಗೆ ಹೋಗಿ.

ಮಗಳು: ಅತ್ತೆ ಇದನ್ನ ಕೇಳಿದ್ರೆ ಎಲೆಕ್ಟ್ರಿಕ್ ಕಾರೇ ತಗೊಳ್ಳಿ ಅಂತಾರೆ. ಆಯ್ತು, ಮನೆ ಮೀಟರೇ.

ದೊಡ್ಡಪ್ಪ: ಮಳೆಗಾಲದ ಮಾತು ಇನ್ನೂ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಮಡಿಕೇರಿ ರಸ್ತೆ ಎಷ್ಟು ಕಾಲ ಬಂದ್ ಆಗಿತ್ತು, ಮರೆತೆಯಾ? ಅಂಥ ದಿನ ನೀನು ಸುಳ್ಯದಲ್ಲಿ ಸಿಕ್ಕಿಕೊಂಡು, ಹಿಂದಕ್ಕೆ ತಿರುಗಿ ಶಿರಾಡಿ ಕಡೆ ಸುತ್ತಿ ಬರಬೇಕಾದ್ರೆ? ಅಂಥ ಮಳೇಲಿ ಕರೆಂಟೂ ಹೋಗಿರುತ್ತೆ, ಚಾರ್ಜರೂ ಸತ್ತಿರುತ್ತೆ. ಪೆಟ್ರೋಲಾದ್ರೆ ಕ್ಯಾನಿನಲ್ಲಾದ್ರೂ ತರಬಹುದು.

ಮಗಳು: ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಮಳೆಗಾಲದಲ್ಲಿ ನೂರು ಕಿ.ಮೀ.ಗೆ ಆಗೋಷ್ಟು ಯಾವಾಗಲೂ ಉಳಿಸಿಕೊಂಡು ಓಡಿಸ್ತೀನಿ ಅಂತ ಹೇಳಬಲ್ಲೆ. ರಸ್ತೇಲಿ ಸಿಕ್ಕಿಕೊಂಡು ನಿಂತೇ ಇದ್ರೆ ಮೋಟಾರಿಗೆ ಖರ್ಚಿಲ್ಲ, ಎಸಿಗೆ ಮಾತ್ರ. ಇಂಜಿನ್ ಉರಿಸ್ತಾ ಕೂರೋದಕ್ಕಿಂತ ಅದು ಮೇಲು. ಆದ್ರೆ ಸುತ್ತು ದಾರಿಯ ಪ್ರಶ್ನೆ ನಿಮ್ಮದೇ ಸರಿ.

ದೊಡ್ಡಪ್ಪ: ಇನ್ನು ಟೈರು.

ಮಗಳು: ಟೈರಿನಲ್ಲಿ ಏನಿದೆ ದೊಡ್ಡಪ್ಪ? ಸವೆದ್ರೆ ಹಾಕಿಸೋದು.

ದೊಡ್ಡಪ್ಪ: ಏನು ಹಾಕಿಸ್ತೀಯ?

ಮಗಳು: ಅದೇ ಅಳತೆದು. ನೆಕ್ಸಾನಾದ್ರೆ 215/60 ಆರ್16. ಯಾವ ಅಂಗಡಿಯಲ್ಲಾದ್ರೂ ಸಿಗುತ್ತೆ.

ದೊಡ್ಡಪ್ಪ: ಅಳತೆ ಆದ ಮೇಲೆ ಇನ್ನೊಂದು ನಂಬರ್ ಇರುತ್ತೆ ನೋಡು, 95ಎಚ್ ಅಂತಲೋ ಏನೋ. 95 ಅಂದ್ರೆ ಒಂದು ಟೈರು 690 ಕೆ.ಜಿ. ಹೊರುತ್ತೆ. 91 ಅಂದ್ರೆ 615 ಮಾತ್ರ. ಎಚ್ ಅನ್ನೋದು ವೇಗದ ಮಿತಿ. ಬ್ಯಾಟರಿಯಿಂದಾಗಿ ಈ ಕಾರು ಅದೇ ಆಕಾರದ ಪೆಟ್ರೋಲ್ ಕಾರಿಗಿಂತ ನೂರಾರು ಕೆ.ಜಿ. ಭಾರ. ಅಂಗಡಿಯವನು ಸ್ಟಾಕಿಲ್ಲ, ಇದೂ ಹಿಡಿಯುತ್ತೆ ಅಂತ ಕಮ್ಮಿ ಲೋಡಿಂದು ಹಾಕಿದ್ರೆ ಒಪ್ಪಬೇಡ. ಕಂಪನಿ ಹೇಳಿದ್ದಕ್ಕಿಂತ ಆ ನಂಬರ್ ಕೆಳಗೆ ಬರಕೂಡದು. ಟೈರಿನ ಪಕ್ಕದ ಗೋಡೆ ಮೇಲೇ ಇನ್ನೊಂದು ಕಡೆ ನಾಲ್ಕು ಅಂಕಿ ಇರುತ್ತೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಹಳೇ ಸ್ಟಾಕ್ ಅಂಟಿಸೋಕೆ ಬಂದ್ರೆ ಅಲ್ಲೇ ಗೊತ್ತಾಗುತ್ತೆ.

ಮಗಳು: ಎಲೆಕ್ಟ್ರಿಕ್ ಕಾರಿನಲ್ಲಿ ಟೈರು ಬೇಗ ಸವೆಯುತ್ತೆ ಅಂತಾರೆ. ನಿಜಾನಾ, ಟೈರು ಮಾರೋರ ಮಾತಾ?

ದೊಡ್ಡಪ್ಪ: ಭಾರ ಒಂದು ಕಾರಣ. ಇನ್ನೊಂದು, ಈ ಮೋಟಾರು ಕಾಲಿಟ್ಟ ತಕ್ಷಣ ಪೂರ್ತಿ ಬಲ ಕೊಡುತ್ತೆ. ಸಿಗ್ನಲ್ ಬಿಟ್ಟ ಕೂಡಲೇ ಒತ್ತಿ ಹಾರಿಸೋರ ಮುಂದಿನ ಟೈರು ಬೇಗ ಬೋಳಾಗುತ್ತೆ. ನಿನ್ನ ಹಾಗೆ ಮೆಲ್ಲಗೆ ಓಡಿಸೋರಿಗೆ ಅಷ್ಟು ವ್ಯತ್ಯಾಸ ಬರಲ್ಲ. ಎಂಟು, ಹತ್ತು ಸಾವಿರ ಕಿ.ಮೀ.ಗೆ ಒಂದ್ಸಲ ಮುಂದಿಂದು ಹಿಂದೆ, ಹಿಂದಿಂದು ಮುಂದೆ ಮಾಡಿಸು. ಗಾಳಿಯನ್ನ ಟೈರು ತಣ್ಣಗಿರುವಾಗ, ಬಾಗಿಲ ಪಕ್ಕ ಅಂಟಿಸಿರೋ ಚೀಟಿಯಲ್ಲಿ ಬರೆದಷ್ಟೇ ಹಿಡಿಸು. ಗಾಳಿ ಕಮ್ಮಿ ಆದ್ರೆ ಟೈರೂ ಹಾಳು, ಚಾರ್ಜೂ ಹಾಳು.

ಮಗಳು: ಚಾರ್ಜಿನ ಮಾತು ಬಂತಲ್ಲ. ಎಲೆಕ್ಟ್ರಿಕ್ ಕಾರಿಗೆ ಅಂತಲೇ ಕಡಿಮೆ ಎಳೆತದ ಟೈರು ಬರ್ತಿದೆ, ಅಪೊಲೊದವರ ಆ್ಯಂಪೀರಿಯನ್ ಥರದ್ದು. ಮಾಮೂಲಿ ಟೈರು ಹಾಕಿಸಿದ ಮೇಲೆ ಓಟ ಕಮ್ಮಿ ಆಯ್ತು ಅಂತ ಎಷ್ಟೋ ಜನ ಹೇಳ್ತಾರೆ. ನಾನು ಹಾಕಿಸೋವಾಗ ಅದನ್ನೇ ನೋಡ್ತೀನಿ.

ದೊಡ್ಡಪ್ಪ: ನಾನು ಮೊದಲು ನೋಡೋದು ನೀರು ನಿಂತ ರಸ್ತೇಲಿ ಹಿಡಿಯುತ್ತಾ ಅಂತ. ಜುಲೈನಲ್ಲಿ ಸಂಪಾಜೆಯ ತಿರುವು, ಮೇಲಿಂದ ಕೆಸರು ಇಳಿದಿರುತ್ತೆ, ಎದುರಿಗೆ ಲಾರಿ. ಇಪ್ಪತ್ತು ಕಿ.ಮೀ. ಜಾಸ್ತಿ ಓಡಿತು ಅನ್ನೋದು ಅಲ್ಲಿ ಯಾವ ಕೆಲಸಕ್ಕೆ ಬರುತ್ತೆ? ಕಾನೂನು 1.6 ಮಿಲಿಮೀಟರ್ ಗೀರು ಉಳಿಯೋವರೆಗೂ ಓಡಿಸು ಅನ್ನುತ್ತೆ. ಘಾಟಿಗೆ ಹೋಗೋರು ಮೂರಕ್ಕೇ ಬದಲಾಯಿಸಬೇಕು.

ಮಗಳು: ಓಟವೂ ಸುರಕ್ಷತೇನೇ ದೊಡ್ಡಪ್ಪ. ಸುತ್ತು ದಾರೀಲಿ ಸಿಕ್ಕಿಕೊಂಡ್ರೆ ಅಂತ ಹೆದರಿಸಿದ್ದು ನೀವೇ. ಆ ಇಪ್ಪತ್ತು ಕಿ.ಮೀ. ಬೇಕಾಗೋದು ಅವತ್ತೇ. ಎರಡೂ ಗುಣ ಇರೋ ಟೈರು ದುಬಾರಿ, ಆದ್ರೆ ಇದೆ. ನಾಲ್ಕನ್ನೂ ಒಟ್ಟಿಗೆ ಅದನ್ನೇ ಹಾಕಿಸ್ತೀನಿ.

ದೊಡ್ಡಪ್ಪ: ದುಡ್ಡಿದ್ರೆ ಹಾಕಿಸು. ಇಲ್ಲದಿದ್ರೆ ಹಿಡಿತಕ್ಕೇ ಮೊದಲ ಮಣೆ, ಈ ಮಾತಲ್ಲಿ ನಾನು ಸೋಲಲ್ಲ. ಸ್ಟೆಪ್ನಿ ಇದೆಯಾ?

ಮಗಳು: ನಾನು ನೋಡಿದ್ದರಲ್ಲಿ ಕೆಲವಕ್ಕೆ ಇಲ್ಲ. ಗಾಳಿ ತುಂಬೋ ಪುಟ್ಟ ಪಂಪು, ತೂತು ಮುಚ್ಚೋ ದ್ರವ ಕೊಡ್ತಾರೆ. 2020ರ ನಿಯಮದಲ್ಲೇ ಇದೆ. ಟ್ಯೂಬ್‌ಲೆಸ್ ಟೈರು, ಗಾಳಿ ಒತ್ತಡ ತೋರಿಸೋ ವ್ಯವಸ್ಥೆ, ರಿಪೇರಿ ಕಿಟ್ ಇಷ್ಟಿದ್ರೆ ಸ್ಟೆಪ್ನಿ ಕಡ್ಡಾಯ ಅಲ್ಲ.

ದೊಡ್ಡಪ್ಪ: ಮೊಳೆ ಚುಚ್ಚಿದ್ರೆ ಆ ದ್ರವ ಸಾಕು. ಹೊಂಡಕ್ಕೆ ಬಿದ್ದು ಪಕ್ಕದ ಗೋಡೆ ಹರಿದ್ರೆ? ನಮ್ಮ ರಸ್ತೆಗಳಲ್ಲಿ ಆಗೋದು ಅದೇ ಜಾಸ್ತಿ. ದೂರ ಹೋಗೋ ಕಾರಿಗೆ ಸ್ಟೆಪ್ನಿ ಇರಲೇಬೇಕು. ಇಲ್ಲದ ಮಾದರಿಯಾದ್ರೆ ಬೇರೆ ಕೊಂಡು ಡಿಕ್ಕಿಯಲ್ಲಿ ಹಾಕ್ಕೋ.

ಮಗಳು: ಡಿಕ್ಕಿ ಅರ್ಧ ಅದಕ್ಕೇ ಹೋಗುತ್ತೆ. ದಿನಾ ಹೊತ್ತು ತಿರುಗಲ್ಲ, ಪುತ್ತೂರಿಗೆ ಹೋಗುವಾಗ ಮಾತ್ರ ಹಾಕ್ಕೋತೀನಿ.

ದೊಡ್ಡಪ್ಪ: ಹಾಗೇ ಮಾಡು. ಪಂಕ್ಚರ್ ಅಂಗಡಿಯಲ್ಲಿ ಇಳಿದು ಪಕ್ಕದಲ್ಲೇ ನಿಂತ್ಕೋ. ಜಾಕನ್ನ ಸಿಕ್ಕ ಸಿಕ್ಕ ಕಡೆ ಕೊಡೋಕೆ ಬಿಡಬೇಡ. ಈ ಕಾರಿನ ಹೊಟ್ಟೆ ಪೂರ್ತಿ ಬ್ಯಾಟರಿ. ಜಾಕ್ ಕೊಡೋ ಜಾಗ ಪುಸ್ತಕದಲ್ಲಿ ತೋರಿಸಿರ್ತಾರೆ, ಫೋಟೊ ತೆಗೆದು ಫೋನಿನಲ್ಲಿ ಇಟ್ಕೋ, ಹುಡುಗನಿಗೆ ತೋರಿಸು.

ಮಗಳು: ಇದನ್ನ ಯಾರೂ ಹೇಳಿರಲಿಲ್ಲ.

ದೊಡ್ಡಪ್ಪ: ಬ್ಯಾಟರಿ ಎಂಥದ್ದು ಅಂತ ಕೇಳಿದ್ದೀಯಾ? ಎಲ್‌ಎಫ್‌ಪಿನೋ, ಎನ್‌ಎಂಸಿನೋ?

ಮಗಳು: ಎಲ್‌ಎಫ್‌ಪಿ. ಅದನ್ನ ಆಗಾಗ ನೂರರವರೆಗೂ ತುಂಬಿಸಿ ಅಂತಾರೆ, ಎಷ್ಟು ಉಳಿದಿದೆ ಅನ್ನೋ ಲೆಕ್ಕ ಕಾರಿಗೆ ತಪ್ಪದಿರಲಿ ಅಂತ. ಎನ್‌ಎಂಸಿ ಆದ್ರೆ ದಿನದ ಬಳಕೆಗೆ ಎಂಬತ್ತಕ್ಕೇ ನಿಲ್ಲಿಸೋದು ಒಳ್ಳೇದು.

ದೊಡ್ಡಪ್ಪ: ನೀನು ಓದಿಕೊಂಡೇ ಬಂದಿದ್ದೀಯ. ಹಾಗಾದ್ರೆ ಒಂದು ಮಾತು ಹೇಳ್ತೀನಿ, ಇನ್ನೊಂದು ವರ್ಷ ತಡಿ. ದಾರಿಯಲ್ಲಿ ಚಾರ್ಜರು ಜಾಸ್ತಿ ಆಗಲಿ, ನಿನಗೂ ಸ್ವಂತ ಮನೆ ಆಗಲಿ.

ಮಗಳು: ಆ ವರ್ಷದಲ್ಲಿ ಪೆಟ್ರೋಲಿಗೆ ಎಂಬತ್ತು ಸಾವಿರದ ಮೇಲೆ ಹೋಗುತ್ತೆ ದೊಡ್ಡಪ್ಪ. ಕಾದ್ರೆ ಅದೂ ಖರ್ಚೇ. ನಂಜನಗೂಡಿನ ರಸ್ತೇಲಿ ನಾನು ವರ್ಷಕ್ಕೆ ಇನ್ನೂರೈವತ್ತು ದಿನ ಓಡಾಡ್ತೀನಿ, ಪುತ್ತೂರಿನ ರಸ್ತೇಲಿ ಹದಿನೈದು ದಿನ. ಹದಿನೈದು ದಿನಕ್ಕೋಸ್ಕರ ಉಳಿದ ದಿನಗಳ ಕಾರು ಆರಿಸಲಾ?

ದೊಡ್ಡಪ್ಪ: ಕೈ ಕೊಟ್ರೆ ಆ ಹದಿನೈದು ದಿನದಲ್ಲೇ ಕೊಡೋದು.

(ಇಬ್ಬರ ಮಾತಿಗೂ ತೂಕವಿದೆ. ಮನೆಯಲ್ಲಿ ಎರಡನೆಯ ಕಾರು ಇರುವವರಿಗೆ ಈ ಜಗಳವೇ ಇಲ್ಲ. ಒಂದೇ ಕಾರು ಕೊಳ್ಳಬಲ್ಲವರಿಗೆ ಇದನ್ನು ಬೇರೆ ಯಾರೂ ಬಗೆಹರಿಸಿಕೊಡಲಾರರು.)

ಮಗಳು: ಬುಕಿಂಗಿಗೆ ಮುಂಚೆ ಮಾಲೀಕರನ್ನ ಕೇಳ್ತೀನಿ, ಅದು ಖಂಡಿತ. ಭಾನುವಾರ ನೀವೇ ಬಂದು ಅರ್ತಿಂಗ್ ಅಳೆದು ಕೊಡಿ.

ದೊಡ್ಡಪ್ಪ: ಬರ್ತೀನಿ. ಮಾಲೀಕರು ಬೇಡ ಅಂದ್ರೆ?

ಮಗಳು: ಅಂದ್ರೆ ಈ ವರ್ಷ ಕಾರಿಲ್ಲ. ದಿನಾ ಫಾಸ್ಟ್ ಚಾರ್ಜರ್ ನಂಬ್ಕೊಂಡು ತಗೊಳ್ಳಲ್ಲ, ದುಡ್ಡಿಗೂ ಹೊಂದಲ್ಲ, ಬ್ಯಾಟರಿಗೂ ಒಳ್ಳೇದಲ್ಲ.

ದೊಡ್ಡಪ್ಪ: ಅವರು ಒಪ್ಪಿ, ಅರ್ತಿಂಗೂ ಸರಿ ಇದ್ರೆ ನಾನು ಅಡ್ಡ ಬರಲ್ಲ. ಜುಲೈ, ಆಗಸ್ಟ್‌ನ ಸಂಪಾಜೆಗೆ ಮಾತ್ರ ನಾನಿನ್ನೂ ಒಪ್ಪಿಲ್ಲ.

ಮಗಳು: ಆ ಎರಡು ತಿಂಗಳು ಬಸ್ಸಿಗೆ ಹೋಗ್ತೀವಿ. ಉಳಿದ ಹತ್ತು ತಿಂಗಳಿಗೆ ಏನಂತೀರಿ?